‘ಗೊತ್ತಿಲ್ಲ’ ಎಂದು ಬರೆದಿಟ್ಟ ಪಟ್ಟಿ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ‘ರಿಪ್ರೊಡಕ್ಟಿವ್ ಹೆಲ್ತ್’ ಎಂಬ ಪಾಠವಿದೆ. ಸೈನ್ಸ್ ತೆಗೆದುಕೊಂಡವರಿಗೆ ಇದು ಗೊತ್ತು. ಆರ್ಟ್ಸ್, ಕಾಮರ್ಸ್ ಗೆಳೆಯ ಗೆಳತಿಯರಿಗಾಗಿ ಹೇಳುತ್ತೇನೆ: ಆ ಪಾಠದ ಒಂದು ಭಾಗದಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳ ವಿಷಯ ಬರುತ್ತದೆ. ಗೊನೋರಿಯಾ, ಸಿಫಿಲಿಸ್, ಕ್ಲಮಿಡಿಯಾ, ಎಚ್‌ಐವಿ ಎಂದು ಹೆಸರುಗಳ ಸಾಲು ಇದೆ. ಪರೀಕ್ಷೆಗೆ ಬರಬಹುದು ಎಂದು ಆ ಹೆಸರುಗಳನ್ನು ಬಾಯಿಪಾಠ ಮಾಡಿ ನಾವೆಲ್ಲ ಬೇಗ ಪುಟ ತಿರುಗಿಸುತ್ತೇವೆ.

ಈ ವರ್ಷ ನಮ್ಮ ಜೀವಶಾಸ್ತ್ರ ಮೇಡಂ ಹಾಗೆ ತಿರುಗಿಸಲು ಬಿಡಲಿಲ್ಲ. ರೋಗಗಳ ಹೆಸರು ಬರೆದ ಚೀಟಿಗಳನ್ನು ಟೇಬಲ್ ಮೇಲಿಟ್ಟು ಒಬ್ಬೊಬ್ಬರೂ ಒಂದೊಂದು ಎತ್ತಿಕೊಳ್ಳಿ ಎಂದರು. ಆ ರೋಗ ತರುವ ಸೂಕ್ಷ್ಮಜೀವಿಯ ಜೀನ್‌ಗಳ ಪಟ್ಟಿಯನ್ನು ಕಂಪ್ಯೂಟರ್ ಲ್ಯಾಬ್‌ನಲ್ಲಿ ಕುಳಿತು ಹುಡುಕಬೇಕು, ಕಂಡದ್ದನ್ನು ನಾಲ್ಕು ಪುಟ ಬರೆಯಬೇಕು, ಸೆಮಿನಾರ್‌ನಲ್ಲಿ ಹತ್ತು ನಿಮಿಷ ಮಾತಾಡಬೇಕು. ನನ್ನ ಪಕ್ಕದವಳಿಗೆ ಕಾಲರಾ ಬಂತು. ಹಿಂದಿನ ಬೆಂಚಿನವಳಿಗೆ ಕ್ಷಯ ಬಂತು. ನನಗೆ ಸಿಫಿಲಿಸ್ ಬಂತು. ‘ಏ, ಇವಳಿಗೆ ಸಿಫಿಲಿಸ್ ಬಂತಂತೆ’ ಎಂದು ಯಾರೋ ಹೇಳಿದ್ದಕ್ಕೆ ಇಡೀ ಕ್ಲಾಸ್ ನಕ್ಕಿತು. ಕಾಲರಾ, ಕ್ಷಯ ಬಂದವರನ್ನು ನೋಡಿ ಯಾರೂ ನಕ್ಕಿರಲಿಲ್ಲ.

ಮನೆಯಲ್ಲಿ ಇದನ್ನು ಹೇಳಬೇಕೋ ಬೇಡವೋ ಎಂದು ಒಂದು ದಿನ ಯೋಚಿಸಿದೆ. ನಮ್ಮ ಅಮ್ಮಿ ಆಶಾ ಕಾರ್ಯಕರ್ತೆ. ನಮ್ಮ ಓಣಿ ಮತ್ತು ಪಕ್ಕದ ಎರಡು ಓಣಿಗಳ ಗರ್ಭಿಣಿಯರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗುವುದು, ತಾಯಿ ಕಾರ್ಡ್ ಮಾಡಿಸುವುದು, ಮಕ್ಕಳ ಲಸಿಕೆಯ ದಿನ ನೆನಪಿಸುವುದು ಅವರ ಕೆಲಸ. ರಾತ್ರಿ ರೊಟ್ಟಿ ಮಾಡುತ್ತಿದ್ದಾಗ ಮೆಲ್ಲಗೆ ವಿಷಯ ತೆಗೆದೆ. ಮನೆಯಲ್ಲಿ ನಾವು ಮಾತಾಡುವುದು ಉರ್ದು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅಮ್ಮಿ ಬೈಯಲೂ ಇಲ್ಲ, ಗಾಬರಿಯಾಗಲೂ ಇಲ್ಲ.

“ಗರ್ಭಿಣಿಯರಿಗೆ ವಿಡಿಆರ್‌ಎಲ್ ಅಂತ ಒಂದು ರಕ್ತ ಪರೀಕ್ಷೆ ಮಾಡಿಸ್ತೀವಲ್ಲ, ಅದು ಇದೇ ರೋಗದ್ದು” ಎಂದರು.

“ಹಾಗಂತ ಅವರಿಗೆ ಹೇಳ್ತೀರಾ?”

“ಇಲ್ಲ ಬೇಟಾ. ರಕ್ತ ಪರೀಕ್ಷೆ ಅಂತ ಅಷ್ಟೇ ಹೇಳ್ತೀನಿ. ಹೆಸರು ಹೇಳಿದರೆ ಅತ್ತೆ ಎದ್ದು ನಿಂತುಬಿಡ್ತಾರೆ, ನಮ್ಮ ಸೊಸೆಗೆ ಅಂಥಾ ಟೆಸ್ಟ್ ಯಾಕೆ ಅಂತ. ಟೆಸ್ಟ್ ಆಗೋದು ಮುಖ್ಯ.”

ಅಮ್ಮಿಯ ಮಾತಿನಲ್ಲಿ ನ್ಯಾಯವಿತ್ತು. ಸಿಫಿಲಿಸ್ ತಾಯಿಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ಹರಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು, ಹುಟ್ಟಿದ ಮೇಲೆ ಸಾಯಬಹುದು, ಕಣ್ಣು, ಕಿವಿ, ಮೂಳೆಗಳಿಗೆ ತೊಂದರೆಯಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 15ರಿಂದ 49 ವರ್ಷದ ಸುಮಾರು 80 ಲಕ್ಷ ಜನರಿಗೆ ಹೊಸದಾಗಿ ಸಿಫಿಲಿಸ್ ತಗುಲಿತು. ತಾಯಿಯಿಂದ ಮಗುವಿಗೆ ಹರಡಿದ ಪ್ರಕರಣಗಳು ಸುಮಾರು 7 ಲಕ್ಷ. ಗರ್ಭಿಣಿಯರ ರಕ್ತವನ್ನು ಸಮಯಕ್ಕೆ ಸರಿಯಾಗಿ ಪರೀಕ್ಷಿಸಿ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರೆ ಇದರಲ್ಲಿ ಬಹುಪಾಲನ್ನು ತಡೆಯಬಹುದು. ನಮ್ಮ ಕ್ಲಾಸ್ ನಕ್ಕ ಆ ಹೆಸರಿನ ಹಿಂದೆ ಇಷ್ಟೊಂದು ಮಕ್ಕಳಿದ್ದಾರೆ.

ಮರುದಿನದಿಂದ ಲ್ಯಾಬ್‌ನಲ್ಲಿ ಕುಳಿತೆ.

ಸಿಫಿಲಿಸ್ ತರುವ ಬ್ಯಾಕ್ಟೀರಿಯಾದ ಹೆಸರು ಟ್ರೆಪೊನೆಮಾ ಪ್ಯಾಲಿಡಮ್. 1905ರಲ್ಲಿ ಬರ್ಲಿನ್‌ನಲ್ಲಿ ಫ್ರಿಟ್ಜ್ ಶೌಡಿನ್ ಮತ್ತು ಎರಿಕ್ ಹಾಫ್‌ಮನ್ ಎಂಬ ಇಬ್ಬರು ಇದನ್ನು ಮೊದಲು ಗುರುತಿಸಿದರು. ‘ಪ್ಯಾಲಿಡಮ್’ ಎಂದರೆ ಲ್ಯಾಟಿನ್‌ನಲ್ಲಿ ಬಿಳಿಚಿಕೊಂಡದ್ದು ಎಂದರ್ಥ. ಬಣ್ಣ ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಸುಲಭವಾಗಿ ಕಾಣುವುದಿಲ್ಲ. ತಿರುಚಿದ ಸ್ಪ್ರಿಂಗ್‌ನಂತಿರುವ, ಬಹಳ ತೆಳ್ಳಗಿನ ಜೀವಿ. ಇದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ವಿಜ್ಞಾನಿಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಒದ್ದಾಡಿದ್ದಾರೆ. 1912ರಲ್ಲಿ ಒಬ್ಬ ರೋಗಿಯಿಂದ ತೆಗೆದ ‘ನಿಕೋಲ್ಸ್’ ಎಂಬ ತಳಿಯನ್ನು ಮೊಲದಿಂದ ಮೊಲಕ್ಕೆ ದಾಟಿಸುತ್ತಾ ಇಂದಿನವರೆಗೆ ಉಳಿಸಿಕೊಂಡು ಬಂದಿದ್ದಾರೆ. ಮೊಲದ ಜೀವಕೋಶಗಳ ಜೊತೆಯಲ್ಲಿಟ್ಟು ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸುವ ವಿಧಾನ ಸಿಕ್ಕಿದ್ದು 2018ರಲ್ಲಿ. ಅದರಲ್ಲೂ ಒಂದು ಎರಡಾಗಲು 30 ಗಂಟೆಗೂ ಹೆಚ್ಚು ಸಮಯ ಬೇಕು. ನಮ್ಮ ಪಾಠದ ಇ. ಕೋಲೈ 20 ನಿಮಿಷದಲ್ಲಿ ಎರಡಾಗುತ್ತದೆ.

1998ರಲ್ಲಿ ಈ ಬ್ಯಾಕ್ಟೀರಿಯಾದ ಪೂರ್ತಿ ಡಿಎನ್‌ಎಯನ್ನು ಓದಿ ಮುಗಿಸಿದರು. ಒಟ್ಟು 11,38,006 ಅಕ್ಷರಗಳು. ಅದರಲ್ಲಿ ಪ್ರೋಟೀನ್ ಮಾಡುವಂತೆ ಕಾಣುವ 1041 ಜೀನ್‌ಗಳು ಸಿಕ್ಕವು. ಅವಕ್ಕೆ ಟಿಪಿ 0001ರಿಂದ ಟಿಪಿ 1041ರವರೆಗೆ ಸಂಖ್ಯೆ ಕೊಟ್ಟರು. ‘ಯೂನಿಪ್ರಾಟ್’ ಎಂಬ ಜಾಲತಾಣದಲ್ಲಿ ಬ್ಯಾಕ್ಟೀರಿಯಾದ ಹೆಸರು ಹೊಡೆದರೆ ಈ ಪಟ್ಟಿ ತೆರೆದುಕೊಳ್ಳುತ್ತದೆ. ಪ್ರತಿ ಸಾಲಿನಲ್ಲಿ ಒಂದು ಪ್ರೋಟೀನ್, ಅದರ ಸಂಖ್ಯೆ, ಅದರ ಕೆಲಸ.

ಮೊದಲ ಕೆಲವು ಸಾಲುಗಳು ನಮ್ಮ ಪಾಠದಂತೆಯೇ ಇದ್ದವು. ಡಿಎನ್‌ಎ ನಕಲು ಮಾಡುವ ಪಾಲಿಮರೇಸ್, ರೈಬೋಸೋಮ್‌ನ ಭಾಗಗಳು. ಕೆಳಗೆ ಹೋಗುತ್ತಾ ಒಂದೇ ಮಾತು ಮತ್ತೆ ಮತ್ತೆ ಬರತೊಡಗಿತು: ‘ಅನ್‌ಕ್ಯಾರೆಕ್ಟರೈಸ್ಡ್ ಪ್ರೋಟೀನ್’. ಮುಂದಿನ ಪುಟದಲ್ಲೂ ಅದೇ, ಅದರ ಮುಂದಿನ ಪುಟದಲ್ಲೂ ಅದೇ. ಕಂಪ್ಯೂಟರ್ ಸರಿಯಿಲ್ಲವೇನೋ ಎಂದು ಮೇಡಂ ಅವರನ್ನು ಕರೆದು ತೋರಿಸಿದೆ. ಅವರು ನಕ್ಕು, “ಕಂಪ್ಯೂಟರ್ ಸರಿಯಾಗಿದೆ. ಇದರ ಕೆಲಸ ಏನು ಅಂತ ಯಾರಿಗೂ ಗೊತ್ತಿಲ್ಲ. ಅದಕ್ಕೇ ಹಾಗೆ ಬರೆದಿದ್ದಾರೆ” ಎಂದರು.

ನನಗೆ ನಂಬಲು ಕಷ್ಟವಾಯಿತು. ಇಂಥ ಹಳೆಯ ರೋಗ, ನೂರು ವರ್ಷದ ಹಿಂದೆ ಕಂಡುಹಿಡಿದ ಬ್ಯಾಕ್ಟೀರಿಯಾ, ಪೂರ್ತಿ ಓದಿದ ಡಿಎನ್‌ಎ. ಆದರೆ 1998ರ ಲೆಕ್ಕ ಹೀಗಿದೆ: 1041 ಜೀನ್‌ಗಳಲ್ಲಿ ಶೇ. 55ಕ್ಕೆ ಮಾತ್ರ ಒಂದು ಕೆಲಸವನ್ನು ಹೇಳಲು ಸಾಧ್ಯವಾಯಿತು. ಶೇ. 17ರಷ್ಟು ಬೇರೆ ಜೀವಿಗಳಲ್ಲಿರುವ ಪ್ರೋಟೀನ್‌ಗಳನ್ನು ಹೋಲುತ್ತಿದ್ದವು, ಆದರೆ ಆ ಪ್ರೋಟೀನ್‌ಗಳ ಕೆಲಸವೂ ಗೊತ್ತಿರಲಿಲ್ಲ. ಉಳಿದ ಶೇ. 28 ಆಗ ಗೊತ್ತಿದ್ದ ಯಾವುದನ್ನೂ ಹೋಲುತ್ತಿರಲಿಲ್ಲ. ಅಂದಿನಿಂದ ಇಂದಿಗೆ ಎಷ್ಟೋ ಸಾಲುಗಳು ತುಂಬಿವೆ. ಆದರೂ ಖಾಲಿ ಸಾಲುಗಳು ಇನ್ನೂ ಬೇಕಾದಷ್ಟಿವೆ.

ಪೂರ್ತಿ ಓದಿದ ಮೇಲೆ ಅರ್ಥವಾಗದೆ ಉಳಿಯುವುದು ಹೇಗೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಮೇಡಂ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಡಿಎನ್‌ಎಯಲ್ಲಿ ಜೀನ್ ಎಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಂಪ್ಯೂಟರ್ ಹುಡುಕಬಲ್ಲದು. ಎಟಿಜಿ ಎಂಬ ಮೂರು ಅಕ್ಷರ ಶುರುವಿನ ಗುರುತು, ನಿಲ್ಲಿಸುವುದಕ್ಕೂ ಅಂಥ ಗುರುತುಗಳಿವೆ. ನಡುವಿನ ಅಕ್ಷರಗಳನ್ನು ಓದಿ ಯಾವ ಅಮೈನೊ ಆಮ್ಲಗಳು ಯಾವ ಕ್ರಮದಲ್ಲಿ ಬರುತ್ತವೆ ಎಂದು ಹೇಳಬಹುದು. ಇದು ನಾವು ಓದಿದ ಜೆನೆಟಿಕ್ ಕೋಡ್. ಆದರೆ ಆ ಪ್ರೋಟೀನ್ ಮಾಡುವ ಕೆಲಸ ಅಕ್ಷರಗಳಲ್ಲಿ ಬರೆದಿರುವುದಿಲ್ಲ. ಹಾಗಾಗಿ ವಿಜ್ಞಾನಿಗಳು ಹೋಲಿಕೆ ನೋಡುತ್ತಾರೆ. ಮದುವೆ ಮನೆಯಲ್ಲಿ ಗುರುತಿಲ್ಲದ ಹುಡುಗನೊಬ್ಬ ಬಂದರೆ ನಮ್ಮ ದಾದಿ ಅವನ ಮೂಗು ಹಣೆ ನೋಡಿ, ಇವನು ಇಂಥವರ ಮನೆಯವನೇ ಇರಬೇಕು ಎನ್ನುತ್ತಾರಲ್ಲ, ಹಾಗೆ. ಇ. ಕೋಲೈಯ ಯಾವುದೋ ಪ್ರೋಟೀನನ್ನು ಹೋಲಿದರೆ ಇದೂ ಅದೇ ಕೆಲಸದ್ದು ಎಂದು ಊಹಿಸುತ್ತಾರೆ. ಯಾರನ್ನೂ ಹೋಲದಿದ್ದರೆ ದಾದಿಯೂ ಸುಮ್ಮನಾಗುತ್ತಾರೆ, ಕಂಪ್ಯೂಟರೂ ಸುಮ್ಮನಾಗುತ್ತದೆ.

ಆಮೇಲೆ ಉಳಿಯುವ ದಾರಿ ಪ್ರಯೋಗ. ಒಂದು ಜೀನನ್ನು ಕೆಡಿಸಿ, ಬ್ಯಾಕ್ಟೀರಿಯಾ ಏನು ಮಾಡಲಾಗದೆ ಒದ್ದಾಡುತ್ತದೆ ಎಂದು ನೋಡುವುದು. ಇ. ಕೋಲೈಯಲ್ಲಿ ಇದು ದಿನನಿತ್ಯದ ಕೆಲಸ. ತಟ್ಟೆಯಲ್ಲಿ ಬೆಳೆಯದ ಟ್ರೆಪೊನೆಮಾದಲ್ಲಿ ಹೇಗೆ ಮಾಡುವುದು? ಇದರ ಒಂದು ಜೀನನ್ನು ಬೇಕೆಂದೇ ಬದಲಿಸಿದ ಮೊದಲ ಪ್ರಯೋಗ ಪ್ರಕಟವಾದದ್ದು 2021ರಲ್ಲಿ. ಹಾಗಾಗಿ ಪಟ್ಟಿಯಲ್ಲಿ ಖಾಲಿ ಸಾಲುಗಳಿರುವುದಕ್ಕೆ ಸೋಮಾರಿತನ ಕಾರಣವಲ್ಲ. ಕೆಲಸ ಅಷ್ಟು ಕಷ್ಟದ್ದು.

ಕಾರಣ ಗೊತ್ತಾಗುವ ಮೊದಲೇ ಕೆಲಸಕ್ಕೆ ಬಂದ ಸಂಗತಿಗಳೂ ಈ ರೋಗದ ಚರಿತ್ರೆಯಲ್ಲಿವೆ. ಅಮ್ಮಿ ಹೇಳಿದ ರಕ್ತ ಪರೀಕ್ಷೆಯೇ ಅಂಥದ್ದು. 1906ರಲ್ಲಿ ಬರ್ಲಿನ್‌ನಲ್ಲಿ ಆಗಸ್ಟ್ ವಾಸರ್‌ಮನ್ ಮತ್ತು ಅವರ ಸಂಗಡಿಗರು ಸಿಫಿಲಿಸ್‌ಗೆ ಮೊದಲ ರಕ್ತ ಪರೀಕ್ಷೆ ಮಾಡಿದರು. ಪರೀಕ್ಷೆ ಬ್ಯಾಕ್ಟೀರಿಯಾವನ್ನೇ ಹಿಡಿಯುತ್ತಿದೆ ಎಂದು ತಿಳಿದಿದ್ದರು. ಆಮೇಲೆ ನೋಡಿದರೆ ರೋಗವೇ ಇಲ್ಲದ ಅಂಗಾಂಶದ ಸಾರ ಬಳಸಿದರೂ ಪರೀಕ್ಷೆ ನಡೆಯುತ್ತಿತ್ತು. ಹಸುವಿನ ಹೃದಯದಲ್ಲಿ ಸಿಗುವ ‘ಕಾರ್ಡಿಯೋಲಿಪಿನ್’ ಎಂಬ ಕೊಬ್ಬಿನ ವಸ್ತುವೇ ಇದಕ್ಕೆ ಕಾರಣ ಎಂದು ಗೊತ್ತಾದದ್ದು 1941ರಲ್ಲಿ. ಸಿಫಿಲಿಸ್ ಇರುವವರ ರಕ್ತದಲ್ಲಿ ಈ ಕೊಬ್ಬಿನ ವಿರುದ್ಧ ಪ್ರತಿಕಾಯಗಳು ಹುಟ್ಟಿರುತ್ತವೆ, ವಿಡಿಆರ್‌ಎಲ್ ಇಂದಿಗೂ ಅವನ್ನೇ ಹುಡುಕುತ್ತದೆ. ಬೇರೆ ಕೆಲವು ಕಾಯಿಲೆಗಳಲ್ಲೂ, ಒಮ್ಮೊಮ್ಮೆ ಗರ್ಭಿಣಿಯರಲ್ಲೂ ಸಿಫಿಲಿಸ್ ಇಲ್ಲದೆಯೇ ಇದು ಪಾಸಿಟಿವ್ ಬರಬಹುದು. ಅದಕ್ಕೇ ಪಾಸಿಟಿವ್ ಬಂದರೆ ಇನ್ನೊಂದು ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ಒಂದು ಚೀಟಿಯಲ್ಲಿ ‘ಪಾಸಿಟಿವ್’ ಎಂದು ಕಂಡ ಕೂಡಲೇ ಮನೆಯ ಹೆಣ್ಣುಮಗಳ ಮೇಲೆ ಬೆರಳು ತೋರಿಸುವವರು ಇದನ್ನು ತಿಳಿದಿರಬೇಕು.

ನನ್ನ ಸೆಮಿನಾರ್‌ಗೆ ಇಷ್ಟು ಸಾಕಾಗಿತ್ತು. ಆದರೆ ಖಾಲಿ ಸಾಲು ತುಂಬುವುದು ಹೇಗೆ ಎಂಬುದಕ್ಕೆ ಒಂದು ಉದಾಹರಣೆ ಬೇಕಿತ್ತು. ಅದು ಮೈಕೋಪ್ಲಾಸ್ಮಾ ಜೆನಿಟಾಲಿಯಂ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ಸಿಕ್ಕಿತು. ಇದೂ ಲೈಂಗಿಕ ಸಂಪರ್ಕದಿಂದ ಹರಡುವಂಥದ್ದೇ. ಲಂಡನ್ನಿನಲ್ಲಿ ಮೂತ್ರನಾಳದ ಉರಿಯೂತವಿದ್ದ ಇಬ್ಬರು ರೋಗಿಗಳಿಂದ ಇದನ್ನು ಬೇರ್ಪಡಿಸಿದ ವರದಿ 1981ರಲ್ಲಿ ಬಂತು. 1995ರಲ್ಲಿ ಇದರ ಡಿಎನ್‌ಎ ಓದಿದರು. ಕೇವಲ 5,80,070 ಅಕ್ಷರಗಳು. ಪ್ರಯೋಗಾಲಯದಲ್ಲಿ ತಾನಾಗಿಯೇ ಬೆಳೆಯುವ ಜೀವಿಗಳಲ್ಲಿ ಇಷ್ಟು ಚಿಕ್ಕ ಜೀನೋಮ್ ಇನ್ನೊಂದಿರಲಿಲ್ಲ. ಬದುಕಲು ಕನಿಷ್ಠ ಎಷ್ಟು ಜೀನ್ ಬೇಕು ಎಂದು ತಿಳಿಯಲು ವಿಜ್ಞಾನಿಗಳು ಇದನ್ನೇ ಆರಿಸಿಕೊಂಡರು. ಒಂದೊಂದೇ ಜೀನನ್ನು ಕೆಡಿಸುತ್ತಾ ಹೋದರು. 2006ರಲ್ಲಿ ಪ್ರಕಟವಾದ ಫಲಿತಾಂಶ ಇದು: ಪ್ರೋಟೀನ್ ಮಾಡುವ 482 ಜೀನ್‌ಗಳಲ್ಲಿ 382 ಇಲ್ಲದೆ ಅದು ಬದುಕುವುದಿಲ್ಲ. ಈ 382ರಲ್ಲಿ ಶೇ. 28ರ ಕೆಲಸ ಏನೆಂದು ಗೊತ್ತಿರಲಿಲ್ಲ.

ಈ ಸಾಲನ್ನು ನಾನು ಎರಡು ಸಲ ಓದಿದೆ. ಅಲ್ಲಿಯವರೆಗೆ ‘ಅನ್‌ಕ್ಯಾರೆಕ್ಟರೈಸ್ಡ್’ ಎಂದರೆ ಅಷ್ಟೇನೂ ಮುಖ್ಯವಲ್ಲದ್ದು, ಮೂಲೆಯಲ್ಲಿ ಬಿದ್ದಿರುವ ಹಳೆಯ ಸಾಮಾನಿನಂಥದ್ದು ಎಂಬ ಭಾವನೆ ಬರುತ್ತಿತ್ತು. ಇಲ್ಲಿ ನೋಡಿದರೆ ಅದನ್ನು ತೆಗೆದರೆ ಜೀವವೇ ಹೋಗುತ್ತದೆ. ಅದು ಬೇಕೇ ಬೇಕು ಎಂಬುದು ಗೊತ್ತು, ಯಾಕೆ ಬೇಕು ಎಂಬುದು ಗೊತ್ತಿಲ್ಲ.

ಈ ಬ್ಯಾಕ್ಟೀರಿಯಾದ ಜೀನ್‌ಗಳ ಪಟ್ಟಿಯಲ್ಲಿ ಎಂಜಿ 281 ಎಂಬ ಒಂದು ಸಾಲಿತ್ತು. ಬರೀ ಸಂಖ್ಯೆ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ ರಾಜೇಶ್ ಗ್ರೋವರ್, ರಿಚರ್ಡ್ ಲರ್ನರ್ ಮತ್ತು ಸಂಗಡಿಗರು ಬೇರೆಯೇ ಒಂದು ವಿಷಯ ಹುಡುಕುತ್ತಿದ್ದರು. ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೂ ಬಹಳ ಕಾಲ ಉಳಿಯುವ ಸೋಂಕಿಗೂ ಸಂಬಂಧವಿರಬಹುದೇ ಎಂಬುದು ಅವರ ಪ್ರಶ್ನೆ. ರೋಗಿಗಳ ರಕ್ತದ ಪ್ರತಿಕಾಯಗಳನ್ನು ಮೈಕೋಪ್ಲಾಸ್ಮಾದ ಜೊತೆ ಸೇರಿಸಿ ನೋಡಿದಾಗ ಅದರ ಒಂದು ಪ್ರೋಟೀನಿಗೆ ಎಲ್ಲರ ಪ್ರತಿಕಾಯಗಳೂ ಅಂಟಿಕೊಂಡವು. ಸಂಬಂಧ ಸಿಕ್ಕೇಬಿಟ್ಟಿತು ಎಂದು ಅಲ್ಲಿಗೆ ನಿಲ್ಲಿಸಬಹುದಿತ್ತು. ಅವರು ಕ್ಯಾನ್ಸರ್‌ಗೆ ಸಂಬಂಧವಿಲ್ಲದ ಪ್ರತಿಕಾಯಗಳನ್ನೂ ಹಾಕಿ ನೋಡಿದರು. ಅವೂ ಅಂಟಿಕೊಂಡವು.

ಹಾಗಾದರೆ ವಿಷಯ ಏನು? ಪ್ರತಿಕಾಯ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿರುತ್ತದೆ ಎಂದು ಓದಿದ್ದೇವೆ. ಅದರ ಎರಡು ತೋಳುಗಳ ತುದಿ ರೋಗಾಣುವನ್ನು ಹಿಡಿಯುತ್ತದೆ. ಈ ಪ್ರೋಟೀನ್ ಆ ತೋಳನ್ನೇ ಹಿಡಿದುಕೊಂಡು ತುದಿಗೆ ಅಡ್ಡ ನಿಲ್ಲುತ್ತದೆ. ಪ್ರತಿಕಾಯ ಯಾವ ರೋಗದ ವಿರುದ್ಧ ಹುಟ್ಟಿದ್ದಾದರೂ ಸರಿ, ಅದರ ಕೈ ಕಟ್ಟಿಹೋಗುತ್ತದೆ. ಆಕಾರ ನೋಡಿದರೆ ಅದುವರೆಗೆ ಗೊತ್ತಿದ್ದ ಯಾವ ಪ್ರೋಟೀನಿನಂತೆಯೂ ಇರಲಿಲ್ಲ. 2014ರಲ್ಲಿ ಇದು ಪ್ರಕಟವಾಯಿತು. ಎಂಜಿ 281ಕ್ಕೆ ‘ಪ್ರೋಟೀನ್ ಎಂ’ ಎಂಬ ಹೆಸರು ಬಂತು. 1995ರಿಂದ ಆ ಜೀನ್ ಎಲ್ಲರ ಕಣ್ಣೆದುರು ಪಟ್ಟಿಯಲ್ಲೇ ಇತ್ತು. ಹೋಲಿಕೆ ನೋಡಿ ಅದನ್ನು ಗುರುತಿಸಲು ಸಾಧ್ಯವಿರಲಿಲ್ಲ, ಯಾಕೆಂದರೆ ಕೆಲಸ ಗೊತ್ತಿದ್ದ ನೆಂಟರು ಅದಕ್ಕೆ ಇರಲಿಲ್ಲ.

ಈಗ ಕಂಪ್ಯೂಟರ್ ಇನ್ನೊಂದು ಸಹಾಯ ಮಾಡುತ್ತದೆ. ಡೀಪ್‌ಮೈಂಡ್ ಎಂಬ ಕಂಪನಿಯ ಆಲ್ಫಾಫೋಲ್ಡ್ ಅಮೈನೊ ಆಮ್ಲಗಳ ಸಾಲನ್ನು ನೋಡಿ ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತದೆ ಎಂದು ಹೇಳುತ್ತದೆ. ಅದಕ್ಕಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಅರ್ಧ ಪಾಲು ಸಿಕ್ಕಿತು. ಟ್ರೆಪೊನೆಮಾದ ಖಾಲಿ ಸಾಲುಗಳಲ್ಲಿ ಒಂದನ್ನು ಒತ್ತಿ ನಾನೂ ಆ ಚಿತ್ರ ನೋಡಿದೆ. ಕಂಪ್ಯೂಟರಿಗೆ ಖಚಿತವಿರುವ ಭಾಗ ಕಡು ನೀಲಿ, ಅನುಮಾನವಿರುವ ಭಾಗ ಹಳದಿ, ತೀರಾ ಅನುಮಾನವಿದ್ದರೆ ಕಿತ್ತಳೆ. ಬೆರಳಿನಲ್ಲಿ ತಿರುಗಿಸಿದರೆ ತಿರುಗುತ್ತದೆ. ನೋಡಲು ಚೆಂದ. ಆದರೆ ಆಕಾರ ಗೊತ್ತಾದರೂ ಕೆಲಸ ಗೊತ್ತಾದಂತಲ್ಲ. ಒಂದು ಬೀಗದಕೈ ಸಿಕ್ಕಿದೆ, ಅದು ಯಾವ ಮನೆಯದ್ದು ಎಂದು ಇನ್ನೂ ಹುಡುಕಬೇಕು. ತನಗೆ ಎಷ್ಟು ಅನುಮಾನವಿದೆ ಎಂಬುದನ್ನು ಬಣ್ಣ ಹಾಕಿ ತೋರಿಸುವುದು ಮಾತ್ರ ನನಗೆ ಬಹಳ ಇಷ್ಟವಾಯಿತು.

ಅಮ್ಮಿಗೆ ಇದನ್ನೆಲ್ಲ ಹೇಳಿದಾಗ ಅವರು ಒಂದೇ ಪ್ರಶ್ನೆ ಕೇಳಿದರು: “ಇಂಜೆಕ್ಷನ್ ಕೊಟ್ಟರೆ ವಾಸಿಯಾಗೋ ರೋಗಕ್ಕೆ ಇಷ್ಟೆಲ್ಲ ಯಾಕೆ ಬೇಟಾ?”

ಸರಿಯಾದ ಪ್ರಶ್ನೆ. ಪೆನಿಸಿಲಿನ್ ಸಿಫಿಲಿಸ್ ಮೇಲೆ 1943ರಿಂದ ಇಂದಿನವರೆಗೆ ಕೆಲಸ ಮಾಡುತ್ತಾ ಬಂದಿದೆ. ಆದರೆ ಎಲ್ಲ ಬ್ಯಾಕ್ಟೀರಿಯಾಗಳೂ ಅಷ್ಟು ಸಾಧುವಲ್ಲ. ಗೊನೋರಿಯಾಕ್ಕೆ ಮೊದಲು ಸಲ್ಫಾ ಔಷಧ ಸೋತಿತು, ಆಮೇಲೆ ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಒಂದೊಂದಾಗಿ ಸೋತವು. ಈಗ ಮುಖ್ಯವಾಗಿ ನಂಬಿರುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್‌ಗೂ ಬಗ್ಗದ ತಳಿಗಳು ಕಾಣಿಸಿಕೊಂಡಿವೆ. ಮೈಕೋಪ್ಲಾಸ್ಮಾಕ್ಕೆ ಕೋಶಭಿತ್ತಿಯೇ ಇಲ್ಲ, ಕೋಶಭಿತ್ತಿಯನ್ನು ಕೆಡಿಸುವ ಪೆನಿಸಿಲಿನ್ ಅದಕ್ಕೆ ಏನೂ ಮಾಡದು. ಸಿಫಿಲಿಸ್ ಬ್ಯಾಕ್ಟೀರಿಯಾದಲ್ಲೂ ಅಜಿತ್ರೊಮೈಸಿನ್‌ಗೆ ಬಗ್ಗದ ತಳಿಗಳಿವೆ. ಸಿಫಿಲಿಸ್‌ಗೆ ಇನ್ನೂ ಲಸಿಕೆಯಿಲ್ಲ. ಲಸಿಕೆ ಮಾಡಬೇಕಾದರೆ ಬ್ಯಾಕ್ಟೀರಿಯಾದ ಹೊರಮೈಯಲ್ಲಿ ನಮ್ಮ ಪ್ರತಿಕಾಯಗಳು ಹಿಡಿಯಲು ಏನಾದರೂ ಸಿಗಬೇಕು. ಟ್ರೆಪೊನೆಮಾದ ಹೊರಮೈಯಲ್ಲಿ ಪ್ರೋಟೀನ್‌ಗಳೇ ಬಹಳ ಕಡಿಮೆ. ಅದಕ್ಕೇ ಅದು ದೇಹದಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ. ಆ ಕೆಲವೇ ಪ್ರೋಟೀನ್‌ಗಳು ಯಾವುವು ಎಂದು ಹುಡುಕುವವರು ಈ ಖಾಲಿ ಸಾಲುಗಳನ್ನೂ ಬಿಡದೆ ನೋಡಬೇಕಾಗುತ್ತದೆ. ಮುಂದಿನ ಲಸಿಕೆಯೋ ಔಷಧವೋ ಇವತ್ತು ಬರೀ ಸಂಖ್ಯೆಯಾಗಿರುವ ಯಾವುದೋ ಸಾಲಿನಿಂದ ಬರಬಹುದು.

ಓದುತ್ತಾ ಹೋದಂತೆ ನನಗೆ ಎರಡು ಬಗೆಯ ‘ಗೊತ್ತಿಲ್ಲ’ಗಳು ಕಂಡವು. ಪಟ್ಟಿಯಲ್ಲಿರುವುದು ಒಂದು ಬಗೆ. ಗೊತ್ತಿಲ್ಲ ಎಂದು ಬರೆದು, ಸಂಖ್ಯೆ ಕೊಟ್ಟು, ಜಗತ್ತಿನ ಯಾರು ಬೇಕಾದರೂ ನೋಡುವಂತೆ ಇಟ್ಟಿದ್ದಾರೆ. ಇನ್ನೊಂದು ಬಗೆ ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ನಡೆಯಿತು. 1932ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಸುಮಾರು 600 ಬಡ ಕಪ್ಪು ಜನಾಂಗದ ಗಂಡಸರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡಿತು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಇತ್ತು. ಅವರಿಗೆ ರೋಗದ ಹೆಸರು ಹೇಳಲಿಲ್ಲ. ‘ನಿಮ್ಮ ರಕ್ತ ಕೆಟ್ಟಿದೆ’ ಎಂದಷ್ಟೇ ಹೇಳಿದರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ರೋಗ ಹೇಗೆ ಮುಂದುವರಿಯುತ್ತದೆ ಎಂದು ನೋಡುತ್ತಾ ಕುಳಿತರು. ಅವರ ಹೆಂಡತಿಯರಿಗೂ ಹರಡಿತು, ಹುಟ್ಟಿದ ಮಕ್ಕಳಿಗೂ ಹರಡಿತು. 1972ರಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲೆ ಇದು ನಿಂತಿತು. 1997ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದರು. ಅಲ್ಲಿ ವೈದ್ಯರಿಗೆ ಎಲ್ಲ ಗೊತ್ತಿತ್ತು, ರೋಗಿಗಳಿಗೆ ಗೊತ್ತಾಗದಂತೆ ನೋಡಿಕೊಂಡರು.

ನಮ್ಮ ಮನೆ, ಓಣಿ, ಕ್ಲಾಸ್‌ರೂಮಿನಲ್ಲಿ ಅಂಥ ಕ್ರೌರ್ಯವಿಲ್ಲ. ಇರುವುದು ನಾಚಿಕೆ. ನಾಚಿಕೆ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ, ಅದನ್ನು ಕಲಿಸಿದ ಮನೆಯಲ್ಲೇ ನಾನೂ ಬೆಳೆದವಳು. ಆದರೆ ಬ್ಯಾಕ್ಟೀರಿಯಾಕ್ಕೆ ಯಾರ ನಡತೆಯೂ ಗೊತ್ತಾಗುವುದಿಲ್ಲ. ಗಂಡನಿಂದ ಸೋಂಕು ತಗುಲಿದ ಹೆಂಡತಿಯದು ಏನು ತಪ್ಪು? ಹೊಟ್ಟೆಯಲ್ಲಿರುವ ಮಗುವಿನದು ಏನು ತಪ್ಪು? ಹೆಸರು ಹೇಳಲು ನಾಚಿಕೊಂಡು ಪರೀಕ್ಷೆ ತಪ್ಪಿದರೆ ನಷ್ಟ ಆ ಮಗುವಿಗೆ.

ಸೆಮಿನಾರ್ ದಿನ ಮೊದಲ ಸ್ಲೈಡ್‌ನಲ್ಲಿ ಹೆಸರು ಬಂದಾಗ ಹಿಂದಿನ ಬೆಂಚಿನಲ್ಲಿ ಸ್ವಲ್ಪ ನಗು ಕೇಳಿಸಿತು. 7 ಲಕ್ಷ ಎಂಬ ಸಂಖ್ಯೆ ಬಂದಾಗ ನಿಂತಿತು. ಹತ್ತು ನಿಮಿಷ ಇಪ್ಪತ್ತೈದಾಯಿತು. ಕೊನೆಯಲ್ಲಿ ಒಬ್ಬಳು, “ಆ ಖಾಲಿ ಪ್ರೋಟೀನ್‌ಗಳಲ್ಲಿ ಒಂದನ್ನು ನಾವು ಕಂಡುಹಿಡಿದರೆ ನಮ್ಮ ಹೆಸರಿಡಬಹುದಾ?” ಎಂದು ಕೇಳಿದಳು. ಮೇಡಂ, “ಮೊದಲು ಪಿಯುಸಿ ಪಾಸ್ ಮಾಡು” ಎಂದರು.

ಅದಾದ ವಾರ ಅಮ್ಮಿ, ತಾಯಂದಿರಿಗೆ ಓದಿ ಹೇಳಲು ನಾಲ್ಕು ಸಾಲು ಬರೆದುಕೊಡು ಎಂದರು. ನಾನು ಬರೆದದ್ದು ಇಷ್ಟು: ‘ಈ ರಕ್ತ ಪರೀಕ್ಷೆ ಸಿಫಿಲಿಸ್ ಎಂಬ ಸೋಂಕಿಗಾಗಿ. ಎಲ್ಲ ಗರ್ಭಿಣಿಯರಿಗೂ ಮಾಡುತ್ತಾರೆ, ಯಾರ ಮೇಲೂ ಅನುಮಾನದಿಂದಲ್ಲ. ಪಾಸಿಟಿವ್ ಬಂದರೆ ಇನ್ನೊಮ್ಮೆ ಖಚಿತಪಡಿಸಿಕೊಳ್ಳಬೇಕು. ಇದ್ದರೆ ಔಷಧಿ ಇದೆ, ಗಂಡನೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ಮಗುವನ್ನು ಉಳಿಸಬಹುದು.’ ಅತ್ತೆಯಂದಿರ ಎದುರು ಇನ್ನೂ ಓದುವುದಿಲ್ಲವಂತೆ. ಸೊಸೆಯಂದಿರು ಒಬ್ಬರೇ ಸಿಕ್ಕಾಗ ಓದುತ್ತಾರಂತೆ. ಒಬ್ಬಾಕೆ ಕೇಳಿದ ಪ್ರಶ್ನೆಗೆ ಅಮ್ಮಿಗೆ ಉತ್ತರ ಗೊತ್ತಿರಲಿಲ್ಲ. “ನನಗೆ ಗೊತ್ತಿಲ್ಲ, ಡಾಕ್ಟರನ್ನು ಕೇಳಿ ಗುರುವಾರ ಹೇಳ್ತೀನಿ ಅಂದೆ. ಗುರುವಾರ ಹೋಗಿ ಹೇಳಿದೆ” ಎಂದರು.

ಯೂನಿಪ್ರಾಟ್‌ನ ಪಟ್ಟಿ ನೋಡಲು ದುಡ್ಡು ಕೊಡಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ, ಮೊಬೈಲಿನಲ್ಲೂ ತೆರೆಯುತ್ತದೆ. ಕಾಲರಾ, ಕ್ಷಯ, ಟೈಫಾಯ್ಡ್ ಯಾವುದನ್ನು ಬೇಕಾದರೂ ಹಾಕಿ ನೋಡಿ, ಎಲ್ಲದರಲ್ಲೂ ಖಾಲಿ ಸಾಲುಗಳಿವೆ. ನಮ್ಮ ಕಂಪ್ಯೂಟರ್ ಲ್ಯಾಬ್ ಬುಧವಾರ ಮತ್ತು ಶನಿವಾರ ಕ್ಲಾಸ್ ಮುಗಿದ ಮೇಲೆ ತೆರೆದಿರುತ್ತದೆ. ಬರುವವರಿದ್ದರೆ ದ್ವಿತೀಯ ಪಿಯುಸಿ ಸೈನ್ಸ್ ವಿಭಾಗಕ್ಕೆ ಬಂದು ಹೇಳಿ, ಒಟ್ಟಿಗೆ ಕುಳಿತು ನೋಡೋಣ.